ಯೆಜ್ಡಿ ಓಡಿಸಿದವರಿಗೆ ಇಲ್ಲದ ತಲೆನೋವು: ಬೈಕಿನ ಆಯಿಲ್ ಬೆರೆಸಬಹುದಾ?

ಎಂಜಿನ್‌ನಲ್ಲಿರೋದು 10ಡಬ್ಲ್ಯೂ-30, ಅಂಗಡಿಯಲ್ಲಿ ಸಿಕ್ಕಿದ್ದು 20ಡಬ್ಲ್ಯೂ-40. ಸ್ವಲ್ಪ ಸುರಿದರೆ ಏನಾಗುತ್ತೆ? ಮೈಸೂರಿನ ಒಂದು ಗ್ಯಾರೇಜಿನಲ್ಲಿ ಕೇಳಿದರೆ ‘ಎಂಜಿನ್ ಹೋಯ್ತು ಅಂದ್ಕೊಳ್ಳಿ’ ಅನ್ನುತ್ತಾರೆ, ಪಕ್ಕದ ಗ್ಯಾರೇಜಿನಲ್ಲಿ ‘ಎಲ್ಲಾ ಆಯಿಲೇ ಅಲ್ವಾ, ಹಾಕಿ ಸಾರ್’ ಅನ್ನುತ್ತಾರೆ.

ಹಿಂದೆ ಈ ಜಗಳವೇ ಇರಲಿಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್. ಪಿಸ್ಟನ್ನಿಗೆ ಬೇಕಾದ ಆಯಿಲ್ ಪೆಟ್ರೋಲ್ ಜೊತೆಗೇ ಹೋಗಿ, ಉರಿದು, ಹೊಗೆಯಾಗಿ ಹೊರಗೆ ಬರುತ್ತಿತ್ತು. ಗೇರು, ಕ್ಲಚ್ಚಿಗೆ ಬೇರೆ ಆಯಿಲ್. ಬಂಕಿನಲ್ಲಿ ಯಾವ ಕಂಪನಿಯ 2ಟಿ (ಟೂ ಸ್ಟ್ರೋಕ್ ಆಯಿಲ್) ಸಿಕ್ಕರೂ ನಡೆಯುತ್ತಿತ್ತು, ನಿನ್ನೆ ಹಾಕಿಸಿದ್ದು ಇವತ್ತು ಉರಿದೇ ಹೋಗಿರುತ್ತಿತ್ತಲ್ಲ.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಆಮೇಲೆ ಫೋರ್ ಸ್ಟ್ರೋಕ್ ಬೈಕುಗಳೇ ರಸ್ತೆ ತುಂಬಿದವು. (ಬುಲೆಟ್ ಮೊದಲಿಂದಲೂ ಫೋರ್ ಸ್ಟ್ರೋಕೇ, ಆದರೆ ಹಳೇ ಬುಲೆಟ್ಟಿನ ಗೇರ್ ಬಾಕ್ಸಿಗೆ ಬೇರೆ ಆಯಿಲ್.) ಹೊಸ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ ಮೂರನ್ನೂ ಒಂದೇ ಆಯಿಲ್ ನೋಡಿಕೊಳ್ಳಬೇಕು, ಅದೂ ಸಾವಿರಾರು ಕಿಲೋಮೀಟರ್. ತಲೆನೋವು ಶುರುವಾಗಿದ್ದು ಇಲ್ಲಿಂದ.

ಡಬ್ಬದ ಮೇಲಿನ ನಂಬರಿನ ಲೆಕ್ಕ ಇನ್ನೂ ಹಳೆಯದು. ಅಮೆರಿಕದ ಎಸ್‌ಎಇ ಸಂಸ್ಥೆ 1911ರಲ್ಲಿ ಆಯಿಲ್‌ಗಳನ್ನು ಮಂದ, ತೆಳು ಅಂತ ವಿಂಗಡಿಸಲು ಹೊರಟಿತು. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. 20ಡಬ್ಲ್ಯೂ ಆಯಿಲನ್ನು ಮೈನಸ್ 15 ಡಿಗ್ರಿಯಲ್ಲಿ, 10ಡಬ್ಲ್ಯೂ ಆಯಿಲನ್ನು ಮೈನಸ್ 25ರಲ್ಲಿ ಪರೀಕ್ಷೆ ಮಾಡುತ್ತಾರೆ. ಮಂಡ್ಯದಲ್ಲಿ ಡಿಸೆಂಬರ್ ಬೆಳಗ್ಗೆ ಎಷ್ಟೇ ನಡುಗಿದರೂ ಅಷ್ಟು ಚಳಿ ನಮಗೆಲ್ಲಿ? ನಮ್ಮ ಕಡೆ ಹೆಚ್ಚು ಕೆಲಸಕ್ಕೆ ಬರೋದು ಎರಡನೇ ನಂಬರು. ಅದು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ಮಂದ ಇರುತ್ತೆ ಅನ್ನೋ ಲೆಕ್ಕ. 30 ಅಂದರೆ 9.3ರಿಂದ 12.5 ಸೆಂಟಿಸ್ಟೋಕ್ (ಮಂದ ಅಳೆಯುವ ಮಾನ), ಅಲ್ಲಿಂದ 16.3ರವರೆಗೆ 40. ಅಂದರೆ ಒಂದು ದಪ್ಪ 30ಕ್ಕೂ ಒಂದು ತೆಳು 40ಕ್ಕೂ ವ್ಯತ್ಯಾಸ ಕೂದಲೆಳೆಯಷ್ಟೇ. ಅದೂ ಅಲ್ಲದೆ ಹೀಗೆ ಎರಡು ನಂಬರಿರುವ ಮಲ್ಟಿಗ್ರೇಡ್ ಆಯಿಲ್‌ನಲ್ಲಿ ಮಂದ ಉಳಿಸೋಕೆ ಹಾಕಿದ ಪಾಲಿಮರನ್ನು ಬೈಕಿನ ಗೇರುಗಳು ದಿನಾ ಅರೆಯುತ್ತಾ ಇರುತ್ತವೆ. 40 ಅಂತ ಹಾಕಿದ್ದು ಕೆಲವು ಸಾವಿರ ಕಿಲೋಮೀಟರ್ ಆದಮೇಲೆ 30ರ ಹತ್ತಿರ ಬಂದಿರಬಹುದು.

ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಲೈಸೆನ್ಸ್ ಇರುವ ಎಂಜಿನ್ ಆಯಿಲ್‌ಗಳು ಒಂದಕ್ಕೊಂದು ಬೆರೆಯಲೇಬೇಕು ಅಂತ ನಿಯಮವಿದೆ. ಬೆರೆಸಿದರೆ ಎರಡರ ನಡುವಿನ ಮಂದ ಬರುತ್ತೆ, ಹಾಲಿನ ಹಾಗೆ ಒಡೆಯಲ್ಲ.

ನಿಜವಾಗಿ ಕೈಕೊಡೋದು ಬೇರೆ. ಮೈಲೇಜ್ ಸಿಗಲಿ ಅಂತ ಕಾರಿನ ಆಯಿಲ್‌ಗೆ ಜಾರಿಕೆಯ ರಾಸಾಯನಿಕ ಸೇರಿಸತೊಡಗಿದಾಗ, ಆಯಿಲ್‌ನಲ್ಲೇ ಮುಳುಗಿರುವ ಬೈಕಿನ ಕ್ಲಚ್ ಹಿಡಿತ ಬಿಡತೊಡಗಿತು. ಅದಕ್ಕೇ ಜಪಾನಿನವರು 1998ರಲ್ಲಿ ಜಾಸೋ ಗುರುತು ತಂದರು. ಎಂಎ ಅಂದರೆ ಬೈಕಿಗೆ, ಎಂಬಿ ಅಂದರೆ ಜಾರಿಕೆ ಜಾಸ್ತಿ, ಆಯಿಲ್ ಮುಟ್ಟದ ಕ್ಲಚ್ ಇರುವ ಸ್ಕೂಟರಿಗೆ.

ನಾನು ಬಿದ್ದಿದ್ದು ಇದೇ ಗುಂಡಿಗೆ. ಸ್ಕೂಟರಿಗೆ ತಂದು ಉಳಿದಿದ್ದ 10ಡಬ್ಲ್ಯೂ-30 ಡಬ್ಬವನ್ನು, ನಂಬರು ಒಂದೇ ಇದೆಯಲ್ಲ, ಸುಮ್ನೆ ಯಾಕೆ ಹಾಳು ಮಾಡೋದು ಅಂತ ಬೈಕಿಗೆ ಸುರಿದೆ. ಗುರುತು ನೋಡಲಿಲ್ಲ, ಎಂಬಿ ಇತ್ತು. ಹೆಂಡತಿಯನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುವಾಗ ಎಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ. ಕ್ಲಚ್ ಪ್ಲೇಟು ಮೊದಲೇ ಸ್ವಲ್ಪ ಸವೆದಿತ್ತು, ಅದೂ ನಿಜ.

ಹಾಗಾಗಿ ಬೇರೆ ನಂಬರಿನ ಎಂಎ ಆಯಿಲ್ ಬಗ್ಗೆ ನನಗೆ ಈಗ ಅಷ್ಟು ಭಯ ಇಲ್ಲ. ಮದ್ದೂರಿನ ಹತ್ತಿರ ಸರ್ವಿಸ್ ರಸ್ತೆಯಲ್ಲಿ ನಿಂತು ನೋಡಿದಾಗ ಆಯಿಲ್ ಅಳೆಯುವ ಕಡ್ಡಿಗೆ ಆಯಿಲೇ ತಾಗದಿದ್ದರೆ, ಸಿಕ್ಕಿದ 20ಡಬ್ಲ್ಯೂ-40 ಹಾಕಿಕೊಂಡು ಊರು ಸೇರುತ್ತೇನೆ. ಆಯಿಲ್ ಕಡಿಮೆ ಇಟ್ಟುಕೊಂಡು ಓಡಿಸಿ ಎಂಜಿನ್ ಸೀಜ್ ಮಾಡಿಸಿಕೊಳ್ಳೋದಕ್ಕಿಂತ ಅದು ವಾಸಿ. ಆಮೇಲೆ ಪೂರ್ತಿ ಡ್ರೈನ್ ಮಾಡಿಸಿ ಕಂಪನಿ ಹೇಳಿದ ಗ್ರೇಡ್ ಹಾಕಿಸಿದರಾಯಿತು. ಸ್ಕೂಟರ್ ಆಯಿಲ್ ಹಾಕಿದಾಗಲೂ ಡ್ರೈನ್ ಮಾಡಿಸಿದೆ, ಬೈಕು ಬೆಟ್ಟ ಹತ್ತಿತು. ಪ್ಲೇಟು ಮಾತ್ರ ಎರಡು ತಿಂಗಳಲ್ಲಿ ಬದಲಿಸಬೇಕಾಯಿತು.