1942ರ ‘ಕಾಸಾಬ್ಲಾಂಕಾ’ 4ಕೆ ಆದದ್ದು ಹೇಗೆ?

ಪ್ರಶ್ನೆ: ‘ಕಾಸಾಬ್ಲಾಂಕಾ’ 1942ರ ಹಾಲಿವುಡ್ ಸಿನಿಮಾ. ಆ ಕಾಲದಲ್ಲಿ 4ಕೆ ಕ್ಯಾಮೆರಾ ಎಲ್ಲಿತ್ತು? ಹಳೇ ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಹೊಸ ಡಿಸ್ಕ್ ಅಂತ ಮಾರುತ್ತಿದ್ದಾರೆ, ಅಷ್ಟೇ ತಾನೆ?

ಅಲ್ಲ. ಹಳೆಯ ಸಿನಿಮಾಗಳ ಬಗ್ಗೆ ಏನು ಬರೆದರೂ ಈ ಪ್ರಶ್ನೆ ಬಂದೇ ಬರುತ್ತದೆ. ಎರಡು ಸಾಲಿನ ಉತ್ತರ ಯಾರಿಗೂ ಸಾಕಾದಂತೆ ಕಾಣುವುದಿಲ್ಲ. ಆದ್ದರಿಂದ ಈ ಸಲ ಬುಡದಿಂದಲೇ ಹೇಳುತ್ತೇನೆ.

4ಕೆ ಎಂಬುದು ನಿಮ್ಮ ಟಿವಿಯ ಅಳತೆ: ಅಡ್ಡಕ್ಕೆ 3840 ಚುಕ್ಕಿ, ಮೇಲಿನಿಂದ ಕೆಳಕ್ಕೆ 2160. ನಿರ್ದೇಶಕ ಮೈಕೇಲ್ ಕರ್ಟಿಜ್ ಈ ಚಿತ್ರ ತೆಗೆದದ್ದು 35 ಎಂಎಂ ಕಪ್ಪುಬಿಳುಪು ಫಿಲ್ಮಿನಲ್ಲಿ. ಫಿಲ್ಮಿಗೆ ಚುಕ್ಕಿಗಳ ಲೆಕ್ಕವೇ ಇಲ್ಲ. ಬೆಳ್ಳಿಯ ಸಂಯುಕ್ತದ ಅತಿ ಸಣ್ಣ ಹರಳುಗಳ ಮೇಲೆ ಬೆಳಕು ಬೀಳುತ್ತದೆ, ಲ್ಯಾಬಿನಲ್ಲಿ ತೊಳೆದಾಗ ಬೆಳಕು ತಾಗಿದ ಕಡೆ ಬೆಳ್ಳಿಯ ಕಪ್ಪು ಕಣಗಳು ಉಳಿಯುತ್ತವೆ. ಆ ಕಣಗಳೇ ಚಿತ್ರ. ಛಾಯಾಗ್ರಾಹಕ ಆರ್ಥರ್ ಈಡಿಸನ್ ಪುಟ್ಟ ದೀಪವಿಟ್ಟು ನಾಯಕಿ ಇಂಗ್ರಿಡ್ ಬರ್ಗ್‌ಮನ್ ಕಣ್ಣಿನಲ್ಲಿ ಮೂಡಿಸಿದ ಹೊಳಪು ಅವತ್ತೇ ಫಿಲ್ಮಿಗೆ ಇಳಿದಿದೆ. ಇವತ್ತಿನ ಸ್ಕ್ಯಾನರ್ ಅದನ್ನು ಓದುತ್ತದೆಯೇ ಹೊರತು ಹುಟ್ಟಿಸುವುದಿಲ್ಲ.

‘ಹಾಗಾದರೆ ನಾವು ನೋಡಿದ್ದು ಅಷ್ಟು ಮಸುಕಾಗಿತ್ತಲ್ಲ?’ ಈ ತಪ್ಪು ನಂಬಿಕೆಯ ಬೇರು ಇರುವುದೇ ಇಲ್ಲಿ. ನಾವು ನೋಡಿದ್ದು ನಕಲಿನ ನಕಲು. ಕ್ಯಾಮೆರಾದಲ್ಲಿ ಓಡಿದ ಮೂಲ ನೆಗೆಟಿವ್‌ನಿಂದ ಒಂದು ಮಾಸ್ಟರ್ ಪಾಸಿಟಿವ್ (ಮುಂದಿನ ಪ್ರತಿಗಳಿಗೆ ಆಧಾರವಾಗುವ ನೇರ ಚಿತ್ರದ ಪ್ರತಿ), ಅದರಿಂದ ಮತ್ತೊಂದು ನೆಗೆಟಿವ್, ಅದರಿಂದ ಥಿಯೇಟರಿನ ಪ್ರಿಂಟ್. ಪ್ರತಿ ಹಂತದಲ್ಲೂ ಒಂದಿಷ್ಟು ವಿವರ ಸೋರಿಹೋಗುತ್ತದೆ. ಟಿವಿಗೆ, ಕ್ಯಾಸೆಟ್ಟಿಗೆ ಬಂದದ್ದು ಹೆಚ್ಚಾಗಿ ಇಂಥ ಕೊನೆಯ ಹಂತದ ಪ್ರತಿಗಳು. ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಸಿಗುವುದೇ ಸುಮಾರು 240 ಗೆರೆಗಳ ವಿವರ. ಡಿವಿಡಿಯಲ್ಲಿ ಅಡ್ಡಕ್ಕೆ 720 ಚುಕ್ಕಿ. ಸಿನಿಮಾ ಮಸುಕಾಗಿರಲಿಲ್ಲ, ನಮ್ಮ ಮನೆಗೆ ಬಂದ ದಾರಿ ಕಿರಿದಾಗಿತ್ತು. 1942ರ ನವೆಂಬರ್ 26ರಂದು ನ್ಯೂಯಾರ್ಕಿನ ಹಾಲಿವುಡ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ ಕಂಡವರು ಇದನ್ನು ನೋಡಿದ್ದು ಥಿಯೇಟರಿನ ದೊಡ್ಡ ಪರದೆಯ ಮೇಲೆ. ಅಲ್ಲಿ ಸೊಗಸಾಗಿ ನಿಂತ ಚಿತ್ರ ನಿಮ್ಮ 55 ಇಂಚಿನ ಟಿವಿಗೆ ಸಾಲದೇ ಹೋಗುವುದು ಹೇಗೆ?

ಇನ್ನೂ ಅನುಮಾನವಿದ್ದರೆ ತಿರುಗಿಸಿ ನೋಡಿ. 90ರ ದಶಕದಲ್ಲಿ ವಿಡಿಯೊ ಟೇಪಿನಲ್ಲಿ ಚಿತ್ರೀಕರಿಸಿದ ಧಾರಾವಾಹಿಯೊಂದನ್ನು ತೆಗೆದುಕೊಳ್ಳಿ. ‘ಕಾಸಾಬ್ಲಾಂಕಾ’ಗಿಂತ ಐವತ್ತು ವರ್ಷ ಹೊಸದು, ಆದರೂ ಅದರಿಂದ ನಿಜವಾದ 4ಕೆ ತೆಗೆಯಲು ಬರುವುದಿಲ್ಲ. ಆ ಟೇಪಿನಲ್ಲಿ ದಾಖಲಾದದ್ದೇ ಅಷ್ಟು. ಹಿಗ್ಗಿಸುವುದು ಎಂದು ನೀವು ಹೇಳುತ್ತೀರಲ್ಲ, ಅದು ಬೇಕಾಗುವುದು ಅಲ್ಲಿ. ಚಿತ್ರದ ವಯಸ್ಸಿಗಿಂತ ಅದನ್ನು ಯಾವುದರ ಮೇಲೆ ತೆಗೆದರು ಎಂಬುದೇ ಮುಖ್ಯ.

ಚಿತ್ರಕ್ಕೆ 80 ತುಂಬಿದ 2022ರಲ್ಲಿ ವಾರ್ನರ್ ಬ್ರದರ್ಸ್ ಸ್ಟುಡಿಯೊ ಮಾಡಿದ್ದು ಹಿಗ್ಗಿಸುವುದನ್ನಲ್ಲ, ಫಿಲ್ಮನ್ನು ಓದುವುದನ್ನು. ಉಳಿದಿರುವ ನೈಟ್ರೇಟ್ ಫಿಲ್ಮುಗಳಲ್ಲಿ ಅತ್ಯುತ್ತಮವಾದವನ್ನು ಆರಿಸಿ 4ಕೆಯಲ್ಲಿ ಸ್ಕ್ಯಾನ್ ಮಾಡಿಸಿದರು. ನೈಟ್ರೇಟ್ ಎಂದರೆ ಆ ಕಾಲದ ಫಿಲ್ಮಿಗೆ ಬಳಸುತ್ತಿದ್ದ, ಸುಲಭವಾಗಿ ಹೊತ್ತಿಕೊಳ್ಳುವ, ವಯಸ್ಸಾದಂತೆ ಕುಗ್ಗುವ ವಸ್ತು. ಕಂಪ್ಯೂಟರಿನ ಕೈ ಇಲ್ಲವೆಂದಲ್ಲ. ಧೂಳು, ಗೀರು, ಚಿತ್ರದ ಅಲುಗಾಟ, ಬೆಳಕಿನ ಮಿಣುಕು ಇವನ್ನು ತೆಗೆಯುವುದು ಅದೇ. ಆದರೆ ಮುಖದ ಮೇಲೆ ಬಿದ್ದ ಗೀರನ್ನು ಅಳಿಸುವುದು ಬೇರೆ, ಇಲ್ಲದ ಮುಖವನ್ನು ಬರೆಯುವುದು ಬೇರೆ.

ಡಿಸ್ಕ್ ಹಾಕಿ ನೋಡಿ ‘ಕೆಲವು ಕಡೆ ಮಂಜಾಗಿದೆ’ ಎನ್ನುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ದೃಶ್ಯ ಕರಗಿ ಇನ್ನೊಂದು ಮೂಡುವ ಜಾಗದಲ್ಲಿ ಚಿತ್ರ ಮೆತ್ತಗಾಗುತ್ತದೆ, ಏಕೆಂದರೆ ಅಂಥ ಜೋಡಣೆಯನ್ನು ಆಗಲೇ ಲ್ಯಾಬಿನಲ್ಲಿ ಮರುಪ್ರತಿ ತೆಗೆದು ಮಾಡುತ್ತಿದ್ದರು. ಬರ್ಗ್‌ಮನ್ ಮುಖ ಮೃದುವಾಗಿ ಕಾಣುವುದು ಲೆನ್ಸಿನ ಮುಂದಿಟ್ಟ ತೆಳು ಜಾಲರಿ ಬಟ್ಟೆಯಿಂದ. ಅದು ಈಡಿಸನ್ ಬೇಕೆಂದೇ ಮಾಡಿದ್ದು. ಇನ್ನು ಕೊನೆಯ ವಿಮಾನ ನಿಲ್ದಾಣದ ಮಂಜು ನಿಜಕ್ಕೂ ಮಂಜೇ. ಸ್ಟುಡಿಯೊದೊಳಗೆ ನಿಲ್ಲಿಸಿದ್ದ ವಿಮಾನದ ಸಣ್ಣ ಮಾದರಿ ಬಯಲಾಗಬಾರದೆಂದು ಹಬ್ಬಿಸಿದ್ದು. ಪರದೆಯ ತುಂಬ ಜೀವಂತವಾಗಿ ಅಲುಗುವ ಸಣ್ಣ ಕಣಗಳು ಕೊಳೆಯಲ್ಲ, ಮೊದಲೇ ಹೇಳಿದ ಬೆಳ್ಳಿಯ ಗುರುತು. ಟಿವಿಯ ಸೆಟ್ಟಿಂಗ್ಸಿನಲ್ಲಿ ನಾಯ್ಸ್ ರಿಡಕ್ಷನ್ (ಕಣಗಳನ್ನು ಅಳಿಸುವುದು) ಮತ್ತು ಮೋಷನ್ ಸ್ಮೂದಿಂಗ್ (ಚಲನೆಯನ್ನು ನುಣುಪಾಗಿಸುವುದು) ಎರಡನ್ನೂ ದಯವಿಟ್ಟು ಆಫ್ ಮಾಡಿ. ಅವು ಆನ್ ಇದ್ದರೆ ನಾಯಕ ಹಂಫ್ರಿ ಬೋಗಾರ್ಟ್ ಮುಖ ಮೇಣದ ಬೊಂಬೆಯಾಗುತ್ತದೆ. ಎಡಬಲದ ಕಪ್ಪು ಪಟ್ಟಿಗಳನ್ನೂ ಹಾಗೇ ಇರಲು ಬಿಡಿ. ಆ ಕಾಲದ ಚೌಕಟ್ಟಿನ ಅಗಲ ಎತ್ತರದ 1.37 ಪಟ್ಟು ಮಾತ್ರ. ಜೂಮ್ ಮಾಡಿದರೆ ತಲೆಗಳು ಕತ್ತರಿಸಿಹೋಗುತ್ತವೆ.

ನೀವು ಕೇಳದಿದ್ದರೂ ಬಣ್ಣದ ವಿಷಯ ಹೇಳದೆ ಇರಲಾರೆ. ನಮ್ಮಲ್ಲಿ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಹಚ್ಚಿಕೊಂಡು ಮತ್ತೆ ತೆರೆಗೆ ಬಂದವು. ಅದರಿಂದಾಗಿ ಹಳೇ ಚಿತ್ರವನ್ನು ಸರಿಪಡಿಸುವುದೆಂದರೆ ಬಣ್ಣ ಹಾಕುವುದು ಎಂದು ಅನೇಕರು ತಿಳಿದಿದ್ದಾರೆ. ಅಣ್ಣಾವ್ರನ್ನು ಬಣ್ಣದಲ್ಲಿ ಕಂಡ ಸಂತೋಷ ನನಗೂ ಅರ್ಥವಾಗುತ್ತದೆ. ಆದರೆ ಎರಡೂ ಬೇರೆ ಕೆಲಸಗಳು. ‘ಕಾಸಾಬ್ಲಾಂಕಾ’ಗೂ 1988ರಲ್ಲಿ ಅಮೆರಿಕದ ಟಿವಿ ಉದ್ಯಮಿ ಟೆಡ್ ಟರ್ನರ್ ಸಂಸ್ಥೆ ಬಣ್ಣ ಹಾಕಿ ಟಿವಿಯಲ್ಲಿ ತೋರಿಸಿತ್ತು. ಬಣ್ಣ ಹಚ್ಚುವುದರ ವಿರುದ್ಧ ಆಗ ಅಮೆರಿಕದ ನಿರ್ದೇಶಕರು, ನಟರು ತಿರುಗಿಬಿದ್ದರು. ಅದೇ ವರ್ಷ ಅಲ್ಲಿ ಚಲನಚಿತ್ರ ಸಂರಕ್ಷಣೆಯ ಕಾಯ್ದೆ ಬಂತು. ಕಾಪಾಡಬೇಕಾದವೆಂದು ಅದರಡಿ 1989ರಲ್ಲಿ ಆರಿಸಿದ ಮೊದಲ 25 ಚಿತ್ರಗಳಲ್ಲಿ ‘ಕಾಸಾಬ್ಲಾಂಕಾ’ವೂ ಒಂದು. ಕಿಟಕಿಯ ಪಟ್ಟಿಗಳ ನೆರಳು ಗೋಡೆಯ ಮೇಲೆ, ಬಟ್ಟೆಯ ಮೇಲೆ ಬೀಳುವಂತೆ ದೀಪ ಕಟ್ಟಿದ್ದು ಕಪ್ಪುಬಿಳುಪನ್ನು ಮನಸ್ಸಿನಲ್ಲಿಟ್ಟುಕೊಂಡು. ಬಣ್ಣ ಬಳಿದರೆ ಆ ನೆರಳಿನ ಕೆಲಸವೇ ಕೆಡುತ್ತದೆ.

ಕನ್ನಡದಲ್ಲಿ ಸರಿಯಾದ ಉದಾಹರಣೆ ಬೇಕೆಂದರೆ ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಇದೆ. ಮೂಲ ಕ್ಯಾಮೆರಾ ನೆಗೆಟಿವ್‌ನಿಂದ 4ಕೆಯಲ್ಲಿ ಪುನರುಜ್ಜೀವನಗೊಂಡು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಕಪ್ಪುಬಿಳುಪಿನಲ್ಲೇ.