ಬೆಕ್ಕಿನ ಹೊಟ್ಟೆಗೂ ಒಂದು ಗಂಗೆದೊಗಲು

ನಮ್ಮ ಮನೆಯ ಬೆಕ್ಕು ಕಾಂಪೌಂಡ್ ಗೋಡೆಯ ಮೇಲೆ ನಡೆಯುವಾಗ ಹಿಂಗಾಲುಗಳ ಮುಂದೆ ಜೋತುಬಿದ್ದ ಹೊಟ್ಟೆಯ ಚರ್ಮ ಹೆಜ್ಜೆಹೆಜ್ಜೆಗೂ ಅತ್ತಿತ್ತ ತೂಗುತ್ತದೆ. ಅದನ್ನು ಕಂಡ ಹೂ ಮಾರುವ ಅಮ್ಮ, "ಮರಿ ಹಾಕುವುದು ಯಾವಾಗ?" ಎಂದು ಕೇಳಿದರು. ಅದು ಗಂಡುಬೆಕ್ಕು ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಈ ಜೋಲು ಬಸಿರಿನದಲ್ಲ, ಬಾಣಂತನದ್ದೂ ಅಲ್ಲ. ಗಂಡಿಗೂ ಇರುತ್ತದೆ, ಹೆಣ್ಣಿಗೂ ಇರುತ್ತದೆ; ಬಡಕಲು ಬೀದಿಬೆಕ್ಕಿಗೂ ಇರಬಹುದು. ಕೆಲವಕ್ಕೆ ಕೈಗೆ ಸಿಗುವಷ್ಟು, ಕೆಲವಕ್ಕೆ ನೆಲ ಸವರುವಷ್ಟು. ಇಂಗ್ಲಿಷಿನಲ್ಲಿ ಇದನ್ನು 'ಪ್ರೈಮಾರ್ಡಿಯಲ್ ಪೌಚ್', ಅಂದರೆ ಆದಿಮ ಚೀಲ, ಎಂದು ಕರೆಯುತ್ತಾರೆ. ಹೆಸರೇನೋ ಗಂಭೀರವಾಗಿದೆ, ಆದರೆ ಇದು ಚೀಲವಲ್ಲ. ಕಾಂಗರೂವಿಗಿರುವಂತೆ ಬಾಯಿಯಿಲ್ಲ, ಒಳಗೆ ಇಡಲು ಜಾಗವಿಲ್ಲ. ಒಂದಿಷ್ಟು ಕೊಬ್ಬನ್ನು ಹೊತ್ತ ಚರ್ಮದ ಮಡಿಕೆ, ಅಷ್ಟೇ. ಎತ್ತಿನ ಕತ್ತಿನ ಕೆಳಗೆ ಜೋಲುವುದನ್ನು ಗಂಗೆದೊಗಲು ಎಂದು ಕರೆದ ನಾವು ಬೆಕ್ಕಿನ ಹೊಟ್ಟೆಯತ್ತ ಅಷ್ಟು ಗಮನ ಕೊಡಲಿಲ್ಲವೆಂದು ಕಾಣುತ್ತದೆ. ಸದ್ಯಕ್ಕೆ ಅದೇ ಹೆಸರನ್ನು ಸಾಲ ಪಡೆಯೋಣ.

ಇದು ಮನೆಬೆಕ್ಕಿನ ಸೋಮಾರಿತನದ ಫಲವೂ ಅಲ್ಲ. ಗುಜರಾತಿನ ಗಿರ್ ಕಾಡಿನ ಸಿಂಹಗಳ ಹೊಟ್ಟೆಯ ಉದ್ದಕ್ಕೂ ಇಂಥದೇ ಮಡಿಕೆ ಇದೆ. ಆಫ್ರಿಕಾದ ಸಿಂಹಗಳಲ್ಲಿ ಅದು ಅಪರೂಪ. ಏಷ್ಯಾದ ಸಿಂಹವನ್ನು ಗುರುತಿಸಲು ತಜ್ಞರು ನೋಡುವ ಲಕ್ಷಣಗಳಲ್ಲಿ ಅದೂ ಒಂದು. ಈಜಿಪ್ಶಿಯನ್ ಮೌ ಎಂಬ ಬೆಕ್ಕಿನ ತಳಿಗಂತೂ ಹೊಟ್ಟೆಯ ಜೋಲು ತಳಿಲಕ್ಷಣಗಳ ಪಟ್ಟಿಯಲ್ಲೇ ಸೇರಿದೆ.

ಹಾಗಾದರೆ ಇದು ಯಾಕಿದೆ? ಸಾಮಾನ್ಯವಾಗಿ ಹೇಳುವ ವಿವರಣೆಗಳು ಮೂರು. ಯಾವುದೂ ಪ್ರಯೋಗದಿಂದ ಸಾಬೀತಾಗಿಲ್ಲ.

ಮೊದಲನೆಯದು ರಕ್ಷಾಕವಚ. ಬೆಕ್ಕುಗಳು ಕಾದಾಡುವಾಗ ಒಂದು ಅಂಗಾತ ಬಿದ್ದು, ಎದುರಾಳಿಯನ್ನು ಮುಂಗಾಲುಗಳಿಂದ ತಬ್ಬಿ, ಎರಡೂ ಹಿಂಗಾಲುಗಳಿಂದ ಪರಪರನೆ ಕೆರೆಯುತ್ತದೆ. ಆ ಉಗುರುಗಳು ತಾಗುವುದು ಹೊಟ್ಟೆಗೇ. ಅಲ್ಲಿ ಪಕ್ಕೆಲುಬಿನ ಕಾವಲಿಲ್ಲ, ತೆಳುವಾದ ಸ್ನಾಯುವಿನ ಹಿಂದೆಯೇ ಕರುಳು. ನಡುವೆ ಸಡಿಲ ಚರ್ಮದ ಪರದೆಯಿದ್ದರೆ ಉಗುರು ಅದರಲ್ಲೇ ಸಿಕ್ಕಿ ಜಾರೀತು. ಕೇಳಲು ಸೊಗಸಾಗಿದೆ. ಆದರೆ ಜಗಳವಾಡಿದ ಬೆಕ್ಕುಗಳಲ್ಲಿ ಕೀವುಗಟ್ಟಿದ ಗಾಯಗಳು ಹೆಚ್ಚಾಗಿ ಕಾಣುವುದು ತಲೆ, ಮುಂಗಾಲು ಮತ್ತು ಬಾಲದ ಬುಡದಲ್ಲಿ. ಹೊಟ್ಟೆಗೆ ಕವಚ ಇರುವುದರಿಂದಲೇ ಅಲ್ಲಿ ಗಾಯ ಕಡಿಮೆ ಎಂದು ವಾದಿಸಬಹುದು. ಹೇಗೆ ಹಿಡಿದರೂ ಸರಿಹೋಗುವ ಇಂಥ ವಾದಗಳ ಬಗ್ಗೆ ನನಗೆ ಅನುಮಾನ.

ಎರಡನೆಯದು ಓಟ. ಬೆಕ್ಕು ನಾಗಾಲೋಟದಲ್ಲಿದ್ದಾಗ ಬೆನ್ನು ಬಿಲ್ಲಿನಂತೆ ಬಾಗಿ ನೀಳವಾಗುತ್ತದೆ, ಹಿಂಗಾಲು ಬಹುದೂರ ಹಿಂದಕ್ಕೆ ಚಾಚುತ್ತದೆ. ಆ ಚಾಚುವಿಕೆಗೆ ಚರ್ಮ ಒದಗಬೇಡವೇ? ನಿಜ. ಆದರೆ ಮುಧೋಳದ ಬೇಟೆನಾಯಿಯನ್ನು ನೋಡಿ. ಹೊಟ್ಟೆ ಬೆನ್ನಿಗೆ ಅಂಟಿದಂತಿರುತ್ತದೆ, ಜೋಲಿನ ಸುಳಿವೂ ಇಲ್ಲ, ಓಟದಲ್ಲಿ ಬೆಕ್ಕಿಗೆ ಕಡಿಮೆಯೇನಲ್ಲ.

ಮೂರನೆಯದು, ಹೊಟ್ಟೆತುಂಬ ಉಣ್ಣುವಾಗ ಹಿಗ್ಗಲು ಜಾಗ ಬೇಕೆಂಬುದು. ಒಂದೇ ಊಟಕ್ಕೆ 30 ಕಿಲೋದಷ್ಟು ಮಾಂಸ ತಿನ್ನಬಲ್ಲ ಸಿಂಹಕ್ಕೆ ಇದು ಒಪ್ಪೀತು. ಮನೆಬೆಕ್ಕು ದಿನಕ್ಕೆ ಹಲವು ಬಾರಿ ಇಲಿಯಂಥ ಸಣ್ಣ ಬೇಟೆಯನ್ನು ತಿಂದು ಬದುಕುವ ಜೀವಿಯ ವಂಶದ್ದು. ಮೇಲಾಗಿ ಜಠರ ಇರುವುದು ಪಕ್ಕೆಲುಬಿನ ಬಳಿ, ಜೋಲು ಇರುವುದು ಹಿಂಗಾಲಿನ ಬಳಿ.

ನನಗೆ ಉತ್ತರದ ಸುಳಿವು ಸಿಕ್ಕಿದ್ದು ಪಶುವೈದ್ಯರ ಮೇಜಿನ ಬಳಿ. ವಾಂತಿಯಾಗಿ ನಿತ್ರಾಣವಾಗಿದ್ದ ಬೆಕ್ಕಿನ ಹೆಗಲಿನ ಚರ್ಮವನ್ನು ಅವರು ಎರಡು ಬೆರಳಿನಿಂದ ಗುಡಾರದಂತೆ ಎತ್ತಿ, ಅದರ ಅಡಿಗೆ ಸೂಜಿ ಚುಚ್ಚಿ ಸುಮಾರು 100 ಮಿಲಿಲೀಟರ್ ಸಲೈನ್ ಹರಿಸಿದರು. ನೀರು ಹೋದದ್ದು ರಕ್ತನಾಳಕ್ಕಲ್ಲ, ಚರ್ಮ ಮತ್ತು ಸ್ನಾಯುವಿನ ನಡುವಿನ ಖಾಲಿಗೆ. ಮನೆಗೆ ಬರುವಾಗ ಅದರ ಬೆನ್ನ ಮೇಲೆ ಹೋರಿಯ ಹಿಣಿಲಿನಂಥ ಉಬ್ಬು. ಸಂಜೆಗೆ ಆ ಹಿಣಿಲು ಒಂದು ಮುಂಗಾಲಿನ ಬುಡಕ್ಕೆ ಜಾರಿತ್ತು, ಬೆಳಗಾಗುವಷ್ಟರಲ್ಲಿ ಮೈ ಹೀರಿಕೊಂಡಿತ್ತು. ಬೆಕ್ಕಿನ ಮೈಗೆ ಚರ್ಮ ಬಿಗಿಯಾಗಿ ಅಂಟಿಕೊಂಡಿಲ್ಲ. ಸಡಿಲವಾದ ಅಂಗಾಂಶದ ಮೇಲೆ ದೊಗಳೆ ಅಂಗಿಯಂತೆ ಜಾರುತ್ತದೆ. ಹಾಗಾಗಿಯೇ ಕತ್ತಿನ ಹಿಂಭಾಗ ಹಿಡಿದರೂ ಅದು ತನ್ನ ಚರ್ಮದೊಳಗೇ ತಿರುಗಿ ಕಚ್ಚಬಲ್ಲದು. ಇಡೀ ಮೈಯ ಈ ಸಡಿಲತನ, ಗುರುತ್ವ ಎಳೆಯುವ ಕಡೆ, ಎಲುಬಿನ ಆಧಾರವಿಲ್ಲದ ಕಡೆ ಜೋಲಾಗಿ ಕಾಣುತ್ತದೆ ಎಂದು ನನ್ನ ಅನಿಸಿಕೆ. ಜೋಲಿಗೇ ಪ್ರತ್ಯೇಕ ಉದ್ದೇಶ ಹುಡುಕಬೇಕಿಲ್ಲ.

ಅನೇಕರು ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ದೂರುತ್ತಾರೆ. ಶಸ್ತ್ರಚಿಕಿತ್ಸೆ ನಡೆಯುವುದೂ ಜೋಲು ಕಣ್ಣಿಗೆ ಬೀಳತೊಡಗುವುದೂ ಹೆಚ್ಚುಕಡಿಮೆ ಒಂದೇ ವಯಸ್ಸಿನಲ್ಲಿ, ಆರು ತಿಂಗಳ ಆಸುಪಾಸಿನಲ್ಲಿ. ಶಸ್ತ್ರಚಿಕಿತ್ಸೆಯ ನಂತರ ಬೆಕ್ಕಿಗೆ ಬೇಕಾಗುವ ಆಹಾರ ಕಡಿಮೆಯಾಗುತ್ತದೆ, ನಾವು ಹಾಕುವುದು ಕಡಿಮೆಯಾಗುವುದಿಲ್ಲ. ಆಗ ಕೊಬ್ಬು ಈ ಮಡಿಕೆಗೂ ಸೇರುತ್ತದೆ. ಮುಂದೆ ತೂಕ ಇಳಿದರೂ ಹಿಗ್ಗಿದ ಚರ್ಮ ಹಾಗೇ ಉಳಿಯಬಹುದು.

ಬೊಜ್ಜೋ ಜೋಲೋ ಎಂದು ತಿಳಿಯಲು ಮೇಲಿನಿಂದ ನೋಡಬೇಕು. ಪಕ್ಕೆಯ ಹಿಂದೆ ಸೊಂಟ ಒಳಸರಿದಿದ್ದು, ಸವರಿದಾಗ ಪಕ್ಕೆಲುಬು ಬೆರಳಿಗೆ ಸಿಕ್ಕರೆ ಚಿಂತೆಯಿಲ್ಲ. ಹೊಟ್ಟೆ ತೂಗದೆ ತಮಟೆಯಂತೆ ಬಿಗಿಯಾಗಿ ಊದಿದರೆ, ಒಳಗೆ ಗಂಟು ಸಿಕ್ಕರೆ, ಬೆಕ್ಕು ಊಟ ಬಿಟ್ಟರೆ ವೈದ್ಯರಿಗೆ ತೋರಿಸಲೇಬೇಕು. ಹೊಟ್ಟೆಯಲ್ಲಿ ನೀರು ತುಂಬಿರಬಹುದು, ಹರ್ನಿಯಾ ಇರಬಹುದು, ಗೆಡ್ಡೆಯೂ ಇರಬಹುದು. ಪರೀಕ್ಷಿಸುವಾಗ ಅಂಗೈ ಮಾತ್ರ ಜೋಪಾನ. ನಮ್ಮ ಬೆಕ್ಕು ಮೊದಲ ಸವರಿಗೆ ಗುರುಗುಟ್ಟುತ್ತದೆ, ಎರಡನೆಯ ಸವರಿಗೆ ಹಿಂಗಾಲುಗಳನ್ನು ಮೇಲೆತ್ತುತ್ತದೆ.