ಬ್ಲಡ್ ಕ್ಯಾನ್ಸರ್ ರಿಪೋರ್ಟ್‌ನಲ್ಲಿ ಕ್ರೋಮೋಸೋಮ್ ದೋಷ ಅಂತ ಬಂದ್ರೆ ಮಕ್ಕಳಿಗೂ ಬರತ್ತಾ?

ಪ್ರಶ್ನೆ: ಅಪ್ಪಂಗೆ ಸಿಎಂಎಲ್ ಅನ್ನೋ ಬ್ಲಡ್ ಕ್ಯಾನ್ಸರ್ ಅಂದಿದಾರೆ ಡಾಕ್ಟರು. ರಿಪೋರ್ಟ್‌ನಲ್ಲಿ ‘ಫಿಲಡೆಲ್ಫಿಯಾ ಕ್ರೋಮೋಸೋಮ್ ಪಾಸಿಟಿವ್’ ಅಂತಿದೆ. ಕ್ರೋಮೋಸೋಮ್ ಅಂದ್ಮೇಲೆ ವಂಶದಲ್ಲಿ ಬರೋದೇ ಅಲ್ವಾ, ನಾವೂ ಮಕ್ಕಳೂ ಟೆಸ್ಟ್ ಮಾಡಿಸ್ಬೇಕಾ?

ಉತ್ತರ: ಬೇಡ. ಕ್ರೋಮೋಸೋಮ್ ಅನ್ನೋ ಪದ ಕಂಡ ತಕ್ಷಣ ಎಲ್ಲರಿಗೂ ನೆನಪಾಗೋದು ವಂಶಾನೇ, ಅದಕ್ಕೇ ಮನೆಮಂದಿಯೆಲ್ಲಾ ಹೆದರ್ಕೋತಾರೆ. ಆದ್ರೆ ಈ ಬದಲಾವಣೆ ನಿಮ್ಮಪ್ಪಂಗೆ ಹುಟ್ಟಿನಿಂದ ಬಂದಿದ್ದಲ್ಲ, ಹುಟ್ಟಿದ್ಮೇಲೆ ಯಾವಾಗ್ಲೋ ಬೋನ್ ಮ್ಯಾರೋದಲ್ಲಿ ರಕ್ತ ತಯಾರಿಸೋ ಒಂದೇ ಒಂದು ಮೂಲ ಸೆಲ್‌ನಲ್ಲಿ (ಸ್ಟೆಮ್ ಸೆಲ್) ಆಗಿದ್ದು, ಆ ಒಂದರಿಂದಾನೇ ಉಳಿದ ಕೆಟ್ಟ ಸೆಲ್‌ಗಳೆಲ್ಲಾ ಹುಟ್ಟಿರೋದು. ಮಕ್ಕಳಿಗೆ ದಾಟೋ ವೀರ್ಯಾಣುವಿನಲ್ಲಿ ಅದು ಇರಲ್ಲ.

ಈ ವಿಷಯ ಇಷ್ಟು ಸ್ಪಷ್ಟವಾಗಿ ಹೇಳೋಕೆ ಆಗ್ತಿರೋದಕ್ಕೆ ಜಾನೆಟ್ ರೌಲಿ ಅನ್ನೋ ಅಮೆರಿಕದ ಡಾಕ್ಟರ್ ದೊಡ್ಡ ಕಾರಣ, ಅವರ ಬಗ್ಗೆ ಹೇಳದೇ ಈ ಉತ್ತರ ಪೂರ್ತಿ ಆಗಲ್ಲ. ಶಿಕಾಗೋ ಯೂನಿವರ್ಸಿಟಿಯಲ್ಲಿ ಮೆಡಿಕಲ್ ಸೀಟ್ ಕೇಳಿದಾಗ 65 ಜನರ ಕ್ಲಾಸ್‌ನಲ್ಲಿ ಹೆಂಗಸರಿಗೆ ಇದ್ದಿದ್ದು ಬರೀ 3 ಸೀಟು, ಅದು ತುಂಬೋಗಿತ್ತು ಅಂತ ಒಂಬತ್ತು ತಿಂಗಳು ಕಾಯ್ಸಿದ್ರು. 1948ರಲ್ಲಿ ಡಿಗ್ರಿ ಬಂತು, ಮದುವೆ ಆಯ್ತು, ನಾಲ್ಕು ಗಂಡುಮಕ್ಕಳು, ಎಷ್ಟೋ ವರ್ಷ ಪಾರ್ಟ್ ಟೈಮ್ ಕೆಲಸ. ಡೌನ್ ಸಿಂಡ್ರೋಮ್ ಮಕ್ಕಳ ಕ್ಲಿನಿಕ್‌ನಲ್ಲಿ ಇದ್ದಿದ್ರಿಂದ ಕ್ರೋಮೋಸೋಮ್ ಮೇಲೆ ಆಸಕ್ತಿ ಹುಟ್ತು, ಗಂಡನ ಜೊತೆ ಆಕ್ಸ್‌ಫರ್ಡ್‌ಗೆ ಹೋದಾಗ ಆ ಕೆಲಸ ಕಲಿತ್ರು.

1960ರಲ್ಲೇ ಪೀಟರ್ ನೋವೆಲ್, ಡೇವಿಡ್ ಹಂಗರ್‌ಫೋರ್ಡ್ ಅನ್ನೋ ಇಬ್ರು ಫಿಲಡೆಲ್ಫಿಯಾದಲ್ಲಿ ಸಿಎಂಎಲ್ ರೋಗಿಗಳ ಸೆಲ್‌ನಲ್ಲಿ ಒಂದು ಚಿಕ್ಕ ಕ್ರೋಮೋಸೋಮ್ ನೋಡಿದ್ರು, ಆ ಊರಿನ ಹೆಸರೇ ಅದಕ್ಕೆ ಬಂದಿರೋದು. ತುದಿ ಕಟ್ಟಾಗಿ ಕಳೆದುಹೋಗಿದೆ ಅಂತಾನೇ ಆಮೇಲೆ ಬಹಳ ಜನ ಅಂದ್ಕೊಂಡಿದ್ರು. ರೌಲಿ ಎರಡನೇ ಸಲ ಆಕ್ಸ್‌ಫರ್ಡ್‌ಗೆ ಹೋದಾಗ ಕ್ರೋಮೋಸೋಮ್‌ಗೆ ಬಣ್ಣ ಹಾಕಿ ಪಟ್ಟೆಪಟ್ಟೆಯಾಗಿ ಹೊಳೆಯೋ ಹಾಗೆ ಮಾಡೋ ಹೊಸ ಟೆಕ್ನಿಕ್ ಕಲಿತು ಬಂದ್ರು. 1972ರಲ್ಲಿ ಮನೆಯ ಡೈನಿಂಗ್ ಟೇಬಲ್ ಮೇಲೆ ಫೋಟೋಗಳನ್ನ ಹರಡ್ಕೊಂಡು, ಕತ್ತರಿಯಲ್ಲಿ ಒಂದೊಂದೇ ಕ್ರೋಮೋಸೋಮ್ ಕತ್ತರಿಸಿ, ಪಟ್ಟೆ ನೋಡಿ ಜೋಡಿ ಜೋಡಿಯಾಗಿ ಇಡೋರು, ಅಮ್ಮ ಪೇಪರ್ ಗೊಂಬೆ ಆಟ ಆಡ್ತಿದಾಳೆ ಅಂತ ಮಕ್ಕಳು ರೇಗಿಸ್ತಿದ್ರಂತೆ. ಹಾಗೆ ಜೋಡಿಸ್ತಾ ಇದ್ದಾಗ, ಆ ಚಿಕ್ಕ ಕ್ರೋಮೋಸೋಮ್, ಅಂದ್ರೆ 22ನೇದರಲ್ಲಿ ತುಂಡು ಇಲ್ಲ ಸರಿ, ಆದ್ರೆ 9ನೇದರ ತುದಿಯಲ್ಲಿ ಇರಬಾರದ ಒಂದು ತುಂಡು ಜಾಸ್ತಿ ಇದೆ! ಕಳೆದುಹೋಗಿಲ್ಲ, ಎರಡೂ ತುಂಡು ಅದಲು ಬದಲು ಆಗಿವೆ. 1973ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಕ್ಯಾನ್ಸರ್ ಆದ್ಮೇಲೆ ಕ್ರೋಮೋಸೋಮ್ ಹಾಳಾಗತ್ತೆ ಅಷ್ಟೇ, ಅದೇ ಕಾರಣ ಅಲ್ಲ ಅನ್ನೋ ನಂಬಿಕೆ ಆಗ ಗಟ್ಟಿಯಾಗಿತ್ತು, ಒಪ್ಪಿಸೋಕೆ ಅವರಿಗೆ ಟೈಮ್ ಹಿಡೀತು. 1977ರಲ್ಲಿ ಎಪಿಎಲ್ ಅನ್ನೋ ಇನ್ನೊಂದು ಲ್ಯುಕೇಮಿಯಾದಲ್ಲಿ (ಬ್ಲಡ್ ಕ್ಯಾನ್ಸರ್‌ನಲ್ಲಿ) 15 ಮತ್ತು 17ರ ಅದಲು ಬದಲನ್ನೂ ತೋರಿಸಿದ್ರು. ಮುಂದೆ 1998ರಲ್ಲಿ ನೋವೆಲ್ ಜೊತೆ, ವೈದ್ಯಕೀಯ ಸಂಶೋಧನೆಗೆ ಕೊಡೋ ಲಾಸ್ಕರ್ ಪ್ರಶಸ್ತಿ ಬಂತು.

ನಿಮ್ಮಪ್ಪಂಗೆ ಇದರಿಂದ ಏನು ಲಾಭ ಅಂದ್ರೆ, 9ರಿಂದ ಬಂದ ಎಬಿಎಲ್ ಜೀನು 22ರಲ್ಲಿರೋ ಬಿಸಿಆರ್ ಜೀನಿಗೆ ಅಂಟ್ಕೊಂಡು ಒಂದು ಹೊಸ ಪ್ರೋಟೀನ್ ಆಗತ್ತೆ, ಅದು ಸೆಲ್‌ಗೆ ಬೆಳಿ ಬೆಳಿ ಅಂತ ಹೇಳ್ತಾನೇ ಇರತ್ತೆ, ನಿಲ್ಲಿಸೋದೇ ಇಲ್ಲ. ಅದನ್ನ ತಡೆಯೋಕೇ ಮಾಡಿರೋ ಮಾತ್ರೆ ಇಮ್ಯಾಟಿನಿಬ್, 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ತು. ಮಾತ್ರೆ ಚೆನ್ನಾಗಿ ಕೆಲಸ ಮಾಡಿದ್ರೆ ಕೆಟ್ಟ ಸೆಲ್‌ಗಳು ಕಮ್ಮಿಯಾಗ್ತಾ ಹೋಗಿ ಆರೋಗ್ಯವಾಗಿರೋ ಸೆಲ್‌ಗಳು ಮತ್ತೆ ತುಂಬ್ಕೋತವೆ. ಹಾಗಾಗಿ ರಿಪೋರ್ಟ್‌ನಲ್ಲಿರೋ ‘ಪಾಸಿಟಿವ್’ ನೋಡಿ ಎದೆಗುಂದಬೇಡಿ, ಮಾತ್ರೆ ಎಲ್ಲಿ ಹೊಡೀಬೇಕು ಅಂತ ಡಾಕ್ಟರಿಗೆ ಗೊತ್ತಾಗಿರೋದೇ ಅದರಿಂದ.

ಅಪರೂಪಕ್ಕೆ ಕೆಲವು ಮನೆತನಗಳಲ್ಲಿ ಬೇರೆ ಥರದ ಲ್ಯುಕೇಮಿಯಾಗಳು ವಂಶವಾಹಿಯಾಗಿ ಬರೋದುಂಟು, ಹತ್ತಿರದ ಸಂಬಂಧಿಗಳಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಬ್ಲಡ್ ಕ್ಯಾನ್ಸರ್ ಆಗಿದ್ರೆ ಡಾಕ್ಟರಿಗೆ ಹೇಳಿ. ಮುಂದೆ ಯಾವಾಗ್ಲಾದ್ರೂ ಅಪ್ಪನ ಒಡಹುಟ್ಟಿದವರ ಅಥವಾ ನಿಮ್ಮ ರಕ್ತ ಕೇಳಿದ್ರೆ ಗಾಬರಿ ಆಗ್ಬೇಡಿ, ಅದು ಸಾಮಾನ್ಯವಾಗಿ ಬೋನ್ ಮ್ಯಾರೋ ಕೊಡೋಕೆ ಮ್ಯಾಚ್ ಆಗತ್ತಾ ಅಂತ ನೋಡೋ ಎಚ್‌ಎಲ್‌ಎ ಟೆಸ್ಟು, ನಿಮಗೆ ಕಾಯಿಲೆ ಇದೆಯಾ ಅಂತ ಹುಡುಕೋದಲ್ಲ.